ಕೂಪನ್ ಕೋಡಿನ ಹಿಂದಿನ ಲೆಕ್ಕ

ಬೆಂಗಳೂರಿನ ಒಂದು ಹೊಸ ಕಂಪನಿ 399 ರೂಪಾಯಿಯ ಸನ್‌ಸ್ಕ್ರೀನ್ ಮಾರಲು ಹೊರಟಿದೆ ಎಂದಿಟ್ಟುಕೊಳ್ಳಿ. ಕೊಳ್ಳಬೇಕಾದವರು ಕಾಲೇಜು ಹುಡುಗ ಹುಡುಗಿಯರು, ಹೊಸದಾಗಿ ಕೆಲಸಕ್ಕೆ ಸೇರಿದವರು. ಟಿವಿ ಜಾಹೀರಾತಿಗೆ ದುಡ್ಡಿಲ್ಲ. ಇದ್ದರೂ ಆ ವಯಸ್ಸಿನವರು ಟಿವಿ ಮುಂದೆ ಕೂರುವುದು ಕಮ್ಮಿ. ಅಂಗಡಿಯಲ್ಲಿ ಇಡಿಸೋಣ ಎಂದರೆ ಡಿಸ್ಟ್ರಿಬ್ಯೂಟರ್‌ಗೂ ಅಂಗಡಿಯವನಿಗೂ ಮಾರ್ಜಿನ್ ಬಿಟ್ಟುಕೊಡಬೇಕು. ಉಳಿದದ್ದು ಫೋನು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಮರುತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ಇಲ್ಲಿಗೆ ಬಂತು. ಅಲ್ಲಿಂದ ಈಚೆಗೆ ಇಂಥ ಕಂಪನಿಗಳ ಮೊದಲ ನಿಲ್ದಾಣ ಅದೇ ಆಗಿದೆ. ಈ ಬರಹದಲ್ಲೂ ಮುಖ್ಯವಾಗಿ ಅದರ ಮಾತೇ.

ಹೆಸರಾದ ಮುಖವೊಂದು ಟ್ಯೂಬ್ ಹಿಡಿದು ನಗುವುದೇ ರೀಲ್ ಮಾಡುವವರ ಬಾಯಲ್ಲಿ ಸರಕು ಹೊಗಳಿಸುವ ಈ ಇನ್‌ಫ್ಲುಯೆನ್ಸರ್ ಮಾರ್ಕೆಟಿಂಗ್ ಎಂದು ಹೊರಗಿನವರು ತಿಳಿದಿರುತ್ತಾರೆ. ಕಂಪನಿಯ ಕಣ್ಣಿಗೆ ಆ ವಿಡಿಯೊ ಬರೀ ಕಚ್ಚಾ ಸರಕು. ಅದನ್ನು ಯಾರು ಎಷ್ಟು ಸೆಕೆಂಡ್ ನೋಡಿದರು, ಯಾವ ಗೆಳತಿಗೆ ಕಳಿಸಿದರು, ಯಾರು ಹೇಳಿದ ಕೂಪನ್ ಕೋಡ್ ಹಾಕಿದರು, ಕೊರಿಯರ್ ಮನೆಗೆ ಬಂದಾಗ ದುಡ್ಡು ಕೊಟ್ಟು ಬಿಡಿಸಿಕೊಂಡರೋ ವಾಪಸ್ ಕಳಿಸಿದರೋ, ಅಲ್ಲಿಯವರೆಗೂ ಲೆಕ್ಕ ನಡೆಯುತ್ತದೆ. ಈ ಸರಪಳಿಯಲ್ಲಿ ಹೆಚ್ಚಿನ ಕೆಲಸ ಮಾಡುವವರು ಕೊಳ್ಳುವ ಹುಡುಗರೇ, ಅದೂ ಸಂಬಳವಿಲ್ಲದೆ. ಹಾಗಂತ ಕಂಪನಿಗೆ ಇದು ಅಗ್ಗವೂ ಅಲ್ಲ. ಸೌಂದರ್ಯ ಸಾಮಗ್ರಿ ಮಾರುವ ಮಾಮಾಅರ್ಥ್ ಬ್ರ್ಯಾಂಡಿನ ಹೊನಾಸಾ ಕಂಪನಿ 2023ರ ಕೊನೆಗೆ ಷೇರುಪೇಟೆಗೆ ಬಂತು. ಆಗ ಅದು ಸಲ್ಲಿಸಿದ ದಾಖಲೆ ನೋಡಿದರೆ, 2022–23ರ ಆದಾಯದಲ್ಲಿ ಸುಮಾರು ಮೂರನೇ ಒಂದು ಭಾಗ ಜಾಹೀರಾತಿಗೇ ಹೋಗಿತ್ತು.

ಯಾರನ್ನು ಹಿಡಿಯುವುದು

ಫಾಲೋವರ್ಸ್ ಸಂಖ್ಯೆ ನೋಡಿ ಕ್ರಿಯೇಟರ್, ಅಂದರೆ ರೀಲ್ ಮಾಡಿ ಹಾಕುವವರನ್ನು ಆರಿಸಿದವರು ಕೈ ಸುಟ್ಟುಕೊಳ್ಳುತ್ತಾರೆ. 10,000ದೊಳಗಿನವರನ್ನು ನ್ಯಾನೊ, ಅಲ್ಲಿಂದ 1 ಲಕ್ಷದವರೆಗಿನವರನ್ನು ಮೈಕ್ರೊ ಎನ್ನುವುದು ಈ ಕಸುಬಿನ ವಾಡಿಕೆ. ಒಬ್ಬ ಸ್ಟಾರ್‌ಗೆ ಕೊಡುವ ದುಡ್ಡನ್ನು ಮೂವತ್ತು ನ್ಯಾನೊಗಳಿಗೆ ಹಂಚುವುದಕ್ಕೆ ಎರಡು ಕಾರಣ. ನ್ಯಾನೊ ಪೇಜಿನ ಕಮೆಂಟುಗಳಲ್ಲಿ ಸಹಪಾಠಿಗಳು, ಪಕ್ಕದ ಬೀದಿಯವರು, ಪಿಜಿ ಗೆಳತಿಯರು ಇರುತ್ತಾರೆ. "ಅಕ್ಕ, ಎಣ್ಣೆ ಚರ್ಮಕ್ಕೆ ಆಗುತ್ತಾ?" ಎಂದು ಒಬ್ಬಳು ಕೇಳಿದರೆ ಉತ್ತರ ಬರುತ್ತದೆ, ಆ ಉತ್ತರವನ್ನು ಇನ್ನೂರು ಜನ ಓದುತ್ತಾರೆ. ಎರಡನೆಯದು, ಮೂವತ್ತು ಜನ ಎಂದರೆ ಮೂವತ್ತು ಬಗೆಯ ವಿಡಿಯೊ. ಅದರಲ್ಲಿ ಯಾವುದು ಓಡುತ್ತದೆ ಎಂದು ಮೊದಲೇ ಹೇಳಬಲ್ಲವರು ಯಾರೂ ಇಲ್ಲ. ಹೇಳುತ್ತೇನೆ ಎನ್ನುವ ಏಜೆನ್ಸಿಯನ್ನು ನಂಬಬೇಡಿ.

ಆಯ್ಕೆಗೆ ಮುಂಚೆ ಕ್ರಿಯೇಟರ್‌ನಿಂದ ಇನ್‌ಸೈಟ್ಸ್, ಅಂದರೆ ಪೇಜಿನ ನೋಡುಗರ ಬಗ್ಗೆ ಆ್ಯಪ್ ಕೊಡುವ ಅಂಕಿಅಂಶ ಕೇಳಬೇಕು. ಸ್ಕ್ರೀನ್‌ಶಾಟ್ ಸಾಲದು, ಅದನ್ನು ಎರಡು ನಿಮಿಷದಲ್ಲಿ ತಿದ್ದಬಹುದು. ಆ್ಯಪ್ ತೆರೆದು ಒಂದೊಂದೇ ಪುಟ ಸರಿಸುತ್ತಾ ಹೋಗುವ ಸ್ಕ್ರೀನ್ ರೆಕಾರ್ಡಿಂಗ್ ಬೇಕು. ಅದರಲ್ಲಿ ಮೊದಲು ನೋಡುವುದು ಊರುಗಳ ಪಟ್ಟಿ. ಕನ್ನಡದಲ್ಲಿ ಮಾತಾಡುವ ಪೇಜಾದರೆ ಬೆಂಗಳೂರಿನ ಹಿಂದೆ ಮೈಸೂರು, ಹುಬ್ಬಳ್ಳಿ, ದಾವಣಗೆರೆ, ಮಂಗಳೂರು, ಬೆಳಗಾವಿ ಹೀಗೆ ಬರಬೇಕು. ಎರಡನೇ ಊರೇ ದಿಲ್ಲಿಯೋ ಢಾಕಾವೋ ಆಗಿದ್ದರೆ ಫಾಲೋವರ್ಸ್ ಕೊಂಡಿದ್ದಿರಬಹುದು. ಹಳೆಯ ಡ್ಯಾನ್ಸ್ ರೀಲ್ ಒಂದು ಉತ್ತರ ಭಾರತದಲ್ಲಿ ಓಡಿದ್ದರೂ ಹಾಗಾಗುತ್ತದೆ. ಕ್ರಿಯೇಟರ್ ಪ್ರಾಮಾಣಿಕಳೇ ಇರಬಹುದು, ಆದರೆ ಆ ಜನ ನಮ್ಮ ಸನ್‌ಸ್ಕ್ರೀನ್ ಕೊಳ್ಳುವವರಲ್ಲ. ಆಮೇಲೆ ಕೊನೆಯ ಹತ್ತು ರೀಲ್‌ಗಳ ವ್ಯೂಸ್ ಬರೆದುಕೊಂಡು, ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ಎಂಟರ ಸರಾಸರಿ ತೆಗೆಯಬೇಕು. ವೈರಲ್ ಆದ ಒಂದೇ ರೀಲ್ ತೋರಿಸಿ ದರ ಹೇಳುವುದು ಎಲ್ಲರ ಅಭ್ಯಾಸ. ನೀವು ದುಡ್ಡು ಕೊಡುವುದು ಸರಾಸರಿ ದಿನಕ್ಕೆ.

ಲೈಕ್ ಮತ್ತು ಕಮೆಂಟ್ ಕೂಡಿ ಫಾಲೋವರ್ಸ್‌ನಿಂದ ಭಾಗಿಸಿ ನೂರರಿಂದ ಗುಣಿಸುವ ಎಂಗೇಜ್‌ಮೆಂಟ್ ರೇಟ್ ಈಗಲೂ ಏಜೆನ್ಸಿಗಳ ಎಕ್ಸೆಲ್‌ನಲ್ಲಿ ಇದೆ. ಅದನ್ನು ಕೆಡಿಸುವುದು ಸುಲಭ. ಇಪ್ಪತ್ತು ಕ್ರಿಯೇಟರ್‌ಗಳು ವಾಟ್ಸಾಪ್ ಗುಂಪು ಮಾಡಿಕೊಂಡು ಪರಸ್ಪರ ಕಮೆಂಟ್ ಹಾಕುತ್ತಾರೆ. ನಾಲ್ಕು ಪೋಸ್ಟ್ ತೆರೆದು ಅದೇ ಹೆಸರುಗಳು, ಅದೇ ಬೆಂಕಿ ಇಮೋಜಿ ಸಾಲು ಸಾಲು ಕಂಡರೆ ಗುಂಪು ಇದೆ ಎಂದೇ ಅರ್ಥ. ಅದಕ್ಕಿಂತ ಶೇರ್ ಮತ್ತು ಸೇವ್ ಸಂಖ್ಯೆ ಕೇಳುವುದು ಮೇಲು. ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಂ ಮೊಸ್ಸೇರಿ 2025ರ ಜನವರಿಯಲ್ಲಿ ತಮ್ಮ ವ್ಯವಸ್ಥೆ ಹೆಚ್ಚು ತೂಕ ಕೊಡುವ ಮೂರು ಸಂಗತಿಗಳನ್ನು ಹೇಳಿದ್ದರು: ಎಷ್ಟು ಹೊತ್ತು ನೋಡಿದರು, ನೋಡಿದವರಲ್ಲಿ ಎಷ್ಟು ಜನ ಲೈಕ್ ಮಾಡಿದರು, ಎಷ್ಟು ಜನ ಇನ್ನೊಬ್ಬರಿಗೆ ಕಳಿಸಿದರು. ಹೊಸಬರಿಗೆ ತಲುಪಬೇಕಾದರೆ ಮೂರನೆಯದಕ್ಕೆ ಹೆಚ್ಚು ಬೆಲೆ. "ಈ ರೀಲನ್ನು ಬಿಸಿಲಲ್ಲಿ ಅಲೆಯೋ ಗೆಳೆಯನಿಗೆ ಕಳಿಸಿ" ಎಂಬ ಸಾಲು ಈಗ ಎಲ್ಲೆಡೆ ಕಾಣುವುದಕ್ಕೆ ಕಾರಣ ಅದೇ.

ನ್ಯಾನೊಗಳಿಗೆ ಮೊದಲು ಬರುವ ಪ್ರಸ್ತಾಪ ಬಾರ್ಟರ್: ದುಡ್ಡಿಲ್ಲ, ಪ್ರಾಡಕ್ಟ್ ಕಳಿಸುತ್ತೇವೆ, ರೀಲ್ ಮಾಡಿ. 399 ರೂಪಾಯಿಯ ಟ್ಯೂಬಿಗೆ ಒಂದು ದಿನದ ಶೂಟಿಂಗ್, ಎಡಿಟಿಂಗ್. ಇದನ್ನು ಒಪ್ಪಲೇಬೇಕೆಂದಿಲ್ಲ. ಒಪ್ಪುವುದಾದರೆ ಆ ವಿಡಿಯೊವನ್ನು ಜಾಹೀರಾತಾಗಿ ಓಡಿಸುವ ಹಕ್ಕು ಅದರಲ್ಲಿ ಸೇರಿಲ್ಲ ಎಂದು ಮೆಸೇಜಿನಲ್ಲಾದರೂ ಬರೆದಿಟ್ಟುಕೊಳ್ಳಿ. ಬಾರ್ಟರ್‌ಗೂ ತೆರಿಗೆ ಉಂಟು. 2022ರ ಜುಲೈ 1ರಿಂದ ಬಂದ ಆದಾಯ ತೆರಿಗೆ ನಿಯಮದಂತೆ, ಒಂದು ಆರ್ಥಿಕ ವರ್ಷದಲ್ಲಿ ಒಂದು ಕಂಪನಿ ಕೊಟ್ಟ ವಸ್ತು, ಪ್ರವಾಸ ಇತ್ಯಾದಿಗಳ ಬೆಲೆ 20,000 ರೂಪಾಯಿ ದಾಟಿದರೆ ಶೇ 10ರಷ್ಟು ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಕಟ್ಟಬೇಕು. ಫೋನ್ ಕಳಿಸಿ ರಿವ್ಯೂ ಮಾಡಿಸಿ, ವಾಪಸ್ ತೆಗೆದುಕೊಂಡರೆ ಅದು ಲೆಕ್ಕಕ್ಕಿಲ್ಲ, ಇಟ್ಟುಕೊಂಡರೆ ಲೆಕ್ಕಕ್ಕಿದೆ.

ಬ್ರೀಫು ಮತ್ತು ಮೊದಲ ಮೂರು ಸೆಕೆಂಡ್

ಕ್ರಿಯೇಟರ್‌ಗೆ ಕಂಪನಿ ಕಳಿಸುವ ಬ್ರೀಫ್, ಅಂದರೆ ಏನು ಹೇಳಬೇಕು, ಏನು ಬಾರದು ಎಂಬ ಸೂಚನೆ ಎರಡು ಪುಟ ದಾಟಿದರೆ ವಿಡಿಯೊ ಸತ್ತಂತೆ. ಹೇಳಲೇಬೇಕಾದ ಮಾತು ಹೆಚ್ಚೆಂದರೆ ಮೂರು: ಎಸ್‌ಪಿಎಫ್ 50, ಮುಖ ಬೆಳ್ಳಗೆ ಪೇಲವವಾಗಿ ಕಾಣುವುದಿಲ್ಲ, ಬೆಲೆ. ಹೇಳಬಾರದ್ದರ ಪಟ್ಟಿ ಅದಕ್ಕಿಂತ ಮುಖ್ಯ: ಕಾಯಿಲೆ ವಾಸಿಯಾಗುತ್ತದೆ ಎನ್ನಬಾರದು, ಇನ್ನೊಂದು ಬ್ರ್ಯಾಂಡಿನ ಹೆಸರೆತ್ತಬಾರದು, ಫಿಲ್ಟರ್ ಹಾಕಿ "ಮೊದಲು–ಆಮೇಲೆ" ತೋರಿಸಬಾರದು. ಜಾಹೀರಾತು ಕ್ಷೇತ್ರದ ಸ್ವಯಂ ನಿಯಂತ್ರಣ ಸಂಸ್ಥೆ ಆಸ್ಕಿಯ ನಿಯಮದಲ್ಲೂ ಉತ್ಪನ್ನದ ಪರಿಣಾಮವನ್ನು ಉಬ್ಬಿಸುವ ಫಿಲ್ಟರ್‌ಗೆ ಅವಕಾಶವಿಲ್ಲ. ಆರೋಗ್ಯ ಮತ್ತು ಹಣಕಾಸಿನ ವಿಷಯದಲ್ಲಿ ಸಲಹೆ ಕೊಡುವವರಿಗೆ ತಕ್ಕ ಅರ್ಹತೆ ಇರಬೇಕು, ಅದನ್ನು ತೋರಿಸಬೇಕು ಎಂದು 2023ರಲ್ಲಿ ಸೇರಿಸಿದ್ದಾರೆ.

ಬ್ರೀಫಿನಲ್ಲಿ ಅತಿ ಹೆಚ್ಚು ಹೊತ್ತು ಚರ್ಚೆಯಾಗುವುದು ಹುಕ್, ಅಂದರೆ ಶುರುವಿನ ಮೂರು ಸೆಕೆಂಡ್. ಅದನ್ನು ಅಳೆಯುವ ಕ್ರಮವೂ ಸರಳ: ಮೂರು ಸೆಕೆಂಡ್ ಆದರೂ ನೋಡಿದವರ ಸಂಖ್ಯೆಯನ್ನು ವಿಡಿಯೊ ಕಣ್ಣಿಗೆ ಬಿದ್ದ ಒಟ್ಟು ಸಲದಿಂದ ಭಾಗಿಸುವುದು. ಇದು ಕಡಿಮೆಯಿದ್ದರೆ ಶುರು ಕೆಟ್ಟಿದೆ. ಇದು ಚೆನ್ನಾಗಿದ್ದು ಹದಿನೈದನೇ ಸೆಕೆಂಡಿಗೆ ಜನ ಉಳಿಯದಿದ್ದರೆ ಶುರು ಸರಿಯಿದೆ, ಹೇಳಿದ ಮಾತಿಗೆ ಹುರುಳಿಲ್ಲ. "ಹಾಯ್ ಫ್ರೆಂಡ್ಸ್, ಇವತ್ತು ನಾನು" ಎಂದು ಶುರುವಾದ ವಿಡಿಯೊ ಅಲ್ಲೇ ಮುಗಿದಿರುತ್ತದೆ. ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಬೆವರು ಒರೆಸಿದಾಗ ಕ್ರೀಮು ಬಿಳಿ ಗೆರೆಯಾಗಿ ಇಳಿಯುವುದನ್ನು ತೋರಿಸಿ ಶುರು ಮಾಡಿದರೆ ನಿಲ್ಲುತ್ತಾರೆ. ಬ್ರ್ಯಾಂಡ್ ಮ್ಯಾನೇಜರ್‌ಗಳಿಗೆ ಮೊದಲ ಸೆಕೆಂಡಿನಲ್ಲೇ ಲೋಗೋ ಬೇಕೆಂಬ ಆಸೆ. ಲೋಗೋ ಕಂಡೊಡನೆ ಹುಡುಗರ ಹೆಬ್ಬೆರಳು ಮೇಲಕ್ಕೆ ಸರಿಯುತ್ತದೆ.

ಇನ್ನೊಂದು ತಪ್ಪು ಗುರುಗ್ರಾಮದಲ್ಲೋ ಮುಂಬೈನಲ್ಲೋ ಕೂತು ಬರೆದ ಹಿಂದಿ ಸ್ಕ್ರಿಪ್ಟನ್ನು ಕನ್ನಡಕ್ಕೆ ತಿರುಗಿಸಿ ಹುಬ್ಬಳ್ಳಿಯ ಹುಡುಗಿಯ ಬಾಯಲ್ಲಿ ಹೇಳಿಸುವುದು. ಆಕೆಯ ಫಾಲೋವರ್ಸ್ ಅವಳನ್ನು ಹಿಂಬಾಲಿಸುತ್ತಿರುವುದೇ ಅವಳ ಉತ್ತರ ಕರ್ನಾಟಕದ ಮಾತಿಗೆ. ಪುಸ್ತಕದ ಕನ್ನಡ ಬಂದ ಕೂಡಲೇ "ಪೇಮೆಂಟ್ ಬಂತೇನವಾ?" ಎಂದು ಕಮೆಂಟ್ ಬೀಳುತ್ತದೆ. ಮೂರು ಅಂಶ ಕೊಟ್ಟು, ಮಾತು ಅವಳಿಗೇ ಬಿಟ್ಟು, ಸ್ಕ್ರಿಪ್ಟ್ ಮಾತ್ರ ಮೊದಲೇ ನೋಡಿ ಒಪ್ಪುವುದು ಸರಿಯಾದ ದಾರಿ.

ಒಪ್ಪಂದದಲ್ಲಿ ಎರಡು ಕಲಮುಗಳನ್ನು ಕ್ರಿಯೇಟರ್‌ಗಳು ಓದದೆ ಸಹಿ ಹಾಕುತ್ತಾರೆ. ಒಂದು, ವಿಡಿಯೊ ಬಳಕೆಯ ಹಕ್ಕು. 30, 60, 90 ದಿನ ಎಂದಿದ್ದರೆ ಸರಿ. "ಶಾಶ್ವತವಾಗಿ, ಎಲ್ಲ ಮಾಧ್ಯಮಗಳಲ್ಲಿ" ಎಂದಿದ್ದರೆ ಮೂರು ಸಾವಿರಕ್ಕೆ ನಿಮ್ಮ ಮುಖವನ್ನು ಕಾಯಂ ಮಾರಿದಂತೆ. ಇನ್ನೊಂದು, ಇಷ್ಟು ತಿಂಗಳು ಬೇರೆ ಸೌಂದರ್ಯ ಬ್ರ್ಯಾಂಡ್ ಜೊತೆ ಕೆಲಸ ಮಾಡಬಾರದೆಂಬ ಷರತ್ತು. ಅದಕ್ಕೆ ಬೇರೆ ದುಡ್ಡು ಕೇಳುವುದು ನ್ಯಾಯ. ಮುಂಗಡ ಅರ್ಧ ತೆಗೆದುಕೊಳ್ಳಿ. ಪೋಸ್ಟ್ ಹಾಕಿ ಎರಡು ತಿಂಗಳಾದರೂ "ಫೈನಾನ್ಸ್ ಟೀಮಿಗೆ ಹೋಗಿದೆ" ಎನ್ನುವುದು ಈ ಕಸುಬಿನ ಹಳೇ ರೋಗ.

ಹಾಡಿನ ವಿಷಯ ಮರೆತು ಕಂಪನಿಗಳು ಸಿಕ್ಕಿಬೀಳುತ್ತವೆ. ಟ್ರೆಂಡಿಂಗ್ ಸಿನಿಮಾ ಹಾಡು ಕ್ರಿಯೇಟರ್‌ನ ಸ್ವಂತ ರೀಲ್‌ಗೆ ಸಿಗುತ್ತದೆ, ಬಿಸಿನೆಸ್ ಅಕೌಂಟಿಗೆ ಅದೇ ಹಾಡು ಕಾಣಿಸುವುದಿಲ್ಲ. ಹಾಡಿನ ಹಕ್ಕು ಆಡಿಯೊ ಕಂಪನಿಯದು. ಜನರ ಬಳಕೆಗೆ ಕೊಟ್ಟ ಪರವಾನಗಿ ವ್ಯಾಪಾರಕ್ಕೆ ಅನ್ವಯಿಸದು. ಹಾಡು ಹಾಕಿದ ರೀಲನ್ನು ದುಡ್ಡು ಕೊಟ್ಟು ಓಡಿಸಲು ಹೋದರೆ ತಡೆ ಬೀಳುತ್ತದೆ, ಇಲ್ಲವೇ ಧ್ವನಿ ಹೋಗುತ್ತದೆ. ಎರಡು ಆವೃತ್ತಿ ತೆಗೆಸಿಕೊಳ್ಳಿ: ಪೇಜಿಗೆ ಒಂದು, ಜಾಹೀರಾತಿಗೆ ಹಿನ್ನೆಲೆ ಸಂಗೀತವಿಲ್ಲದ್ದು ಇನ್ನೊಂದು.

ದುಡ್ಡು ಹಾಕಿ ಓಡಿಸುವುದು

ಮೂವತ್ತು ರೀಲ್ ಬಂದವು ಎನ್ನೋಣ. ನಾಲ್ಕೈದು ದಿನ ಹಾಗೇ ಬಿಟ್ಟು, ಶೇರ್ ಮತ್ತು ನೋಡಿದ ಹೊತ್ತಿನ ಲೆಕ್ಕದಲ್ಲಿ ಮೇಲಿರುವ ಐದನ್ನು ಹೆಕ್ಕುತ್ತಾರೆ. ಆ ಐದನ್ನು ಕ್ರಿಯೇಟರ್‌ನ ಹೆಸರಿನಲ್ಲೇ ಪಾರ್ಟ್‌ನರ್‌ಶಿಪ್ ಆಡ್ ಆಗಿ ಓಡಿಸುತ್ತಾರೆ. ಸಾವಿರ ಫಾಲೋವರ್ಸ್ ಇರುವ ಹುಡುಗಿಯ ವಿಡಿಯೊವನ್ನು ನೀವು ದಿನಕ್ಕೆ ಮೂರು ಸಲ ನೋಡುತ್ತಿದ್ದರೆ ಅವಳು ವೈರಲ್ ಆಗಿಲ್ಲ, ಕಂಪನಿ ದುಡ್ಡು ಸುರಿಯುತ್ತಿದೆ. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ "ಸ್ಪಾನ್ಸರ್ಡ್" ಎಂದೋ ಕಂಪನಿಯ ಹೆಸರೋ ಇರುತ್ತದೆ. ಹೆಚ್ಚಿನವರ ಕಣ್ಣು ಅಲ್ಲಿಗೆ ಹೋಗುವುದೇ ಇಲ್ಲ.

ಇದರ ಜೊತೆಗೇ ವೆಬ್‌ಸೈಟಿನಲ್ಲಿ ಪಿಕ್ಸೆಲ್ ಎಂಬ ಕೋಡ್ ತುಣುಕು ಕೂತಿರುತ್ತದೆ. ಯಾವ ಪ್ರಾಡಕ್ಟ್ ನೋಡಿದಿರಿ, ಕಾರ್ಟ್‌ಗೆ ಹಾಕಿದಿರಾ, ಕೊಂಡಿರಾ, ಇದನ್ನೆಲ್ಲ ಅದು ಇನ್‌ಸ್ಟಾಗ್ರಾಂ, ವಾಟ್ಸಾಪ್‌ಗಳ ಒಡೆಯ ಕಂಪನಿ ಮೆಟಾಗೆ ತಿಳಿಸುತ್ತದೆ. ಕಾರ್ಟ್‌ಗೆ ಹಾಕಿ ಬಿಟ್ಟುಹೋದವರಿಗೆ ಮತ್ತೆ ಮತ್ತೆ ಅದೇ ಟ್ಯೂಬ್ ಕಾಣಿಸುವುದು ಹೀಗೆ. ಹಾಗೆ ಭೇಟಿಕೊಟ್ಟವರ ಪಟ್ಟಿಯನ್ನು 180 ದಿನದವರೆಗೆ ಇಟ್ಟುಕೊಳ್ಳಬಹುದು. ಕೊಂಡವರನ್ನು ಹೋಲುವ ಹೊಸಬರನ್ನು ಹುಡುಕಿಕೊಡು ಎಂದೂ ಕೇಳಬಹುದು. ಮೊದಲೆಲ್ಲ "18ರಿಂದ 24, ಸ್ಕಿನ್‌ಕೇರ್ ಆಸಕ್ತಿ, ಕರ್ನಾಟಕ" ಎಂದು ಕೈಯಾರೆ ಆರಿಸುವುದೇ ಕಸುಬಾಗಿತ್ತು. ಈಗ ಮೆಟಾದ ಯಂತ್ರ ಆ ಆಯ್ಕೆಯನ್ನು ಬರೀ ಸೂಚನೆ ಎಂದು ತೆಗೆದುಕೊಂಡು ತಾನೇ ಜನರನ್ನು ಹುಡುಕುತ್ತದೆ. ಹುಡುಕುವುದು ವಿಡಿಯೊ ಹಿಡಿದು. ಮೊಡವೆ ಬಗ್ಗೆ ಮಾತಾಡಿದ ವಿಡಿಯೊ ಒಂದು ಗುಂಪಿಗೆ ಹೋಗುತ್ತದೆ, ಬೈಕ್ ಓಡಿಸುವ ಹುಡುಗನ ವಿಡಿಯೊ ಇನ್ನೊಂದಕ್ಕೆ. ಮೂವತ್ತು ಬಗೆಯ ವಿಡಿಯೊ ಬೇಕೆಂದದ್ದು ಇದಕ್ಕೇ.

ಸಣ್ಣ ಬ್ರ್ಯಾಂಡ್‌ಗಳು ಎಡವುವ ಜಾಗ ಇದು. ಒಂದು ಆಡ್ ಸೆಟ್ಟಿಗೆ (ಒಟ್ಟಿಗೆ ಓಡುವ ಜಾಹೀರಾತುಗಳ ಗುಂಪಿಗೆ) ವಾರದಲ್ಲಿ ಸುಮಾರು 50 ಖರೀದಿ ಸಿಗದಿದ್ದರೆ ಕೊಳ್ಳುವವರು ಯಾರೆಂದು ಯಂತ್ರ ಕಲಿಯುವ ಹಂತವನ್ನು ಅದು ದಾಟುವುದಿಲ್ಲ, ಫಲಿತಾಂಶ ದಿನಕ್ಕೊಂದು ರೀತಿ ಇರುತ್ತದೆ. ಒಂದು ಖರೀದಿಗೆ 250 ರೂಪಾಯಿ ಬೀಳುತ್ತದೆ ಎಂದುಕೊಂಡರೆ ವಾರಕ್ಕೆ 12,500 ರೂಪಾಯಿ ಒಂದೇ ಸೆಟ್ಟಿಗೆ ಬೇಕು. ಇರುವ ಹದಿನೈದು ಸಾವಿರವನ್ನು ಐದು ಸೆಟ್ಟಿಗೆ ಮೂರು ಮೂರು ಸಾವಿರದಂತೆ ಹಂಚಿದವನಿಗೆ ಐದರಲ್ಲಿ ಒಂದೂ ಕಲಿಯುವುದಿಲ್ಲ. ಎರಡನೇ ದಿನ ಗಾಬರಿಯಾಗಿ ಬಜೆಟ್ ತುಂಬಾ ತಿದ್ದಿದರೆ ಕಲಿಕೆ ಮತ್ತೆ ಮೊದಲಿನಿಂದ ಶುರು. ಒಂದೇ ಸೆಟ್, ಅದರಲ್ಲಿ ಐದು ವಿಡಿಯೊ, ಒಂದು ವಾರ ಮುಟ್ಟಬಾರದು.

ಅದೇ ವಿಡಿಯೊ ಮೂರನೇ ವಾರಕ್ಕೆ ಸೋಲತೊಡಗುತ್ತದೆ. ಒಬ್ಬರೇ ಎಷ್ಟು ಸಲ ನೋಡಿದರು ಎಂಬ ಫ್ರೀಕ್ವೆನ್ಸಿ ಏರುತ್ತದೆ, ಕಮೆಂಟಿನಲ್ಲಿ "ಮತ್ತೆ ಬಂದ್ಲಪ್ಪಾ" ಶುರುವಾಗುತ್ತದೆ. ಆಗ ಬಜೆಟ್ ಏರಿಸಬಾರದು, ವಿಡಿಯೊ ಬದಲಿಸಬೇಕು.

ಕೋಡ್, ಕಮೆಂಟ್, ಕೊರಿಯರ್

ಪ್ರತಿ ಕ್ರಿಯೇಟರ್‌ಗೂ ಬೇರೆ ಕೂಪನ್ ಕೋಡ್ ಕೊಡುವುದು ರಿಯಾಯಿತಿಗಿಂತ ಹೆಚ್ಚಾಗಿ ಅಳತೆಗೆ. ರೀಲಿನಲ್ಲಿ ಲಿಂಕ್ ಒತ್ತಿ ಕೊಳ್ಳುವವರು ಕಡಿಮೆ. ರಾತ್ರಿ ನೋಡಿ, ಮಾರನೇ ದಿನ ಗೂಗಲ್‌ನಲ್ಲಿ ಹೆಸರು ಹುಡುಕಿ ಬರುವವರೇ ಜಾಸ್ತಿ. ಅವರು ಯಾರ ಮಾತು ಕೇಳಿ ಬಂದರು ಎಂದು ಕೋಡ್ ಹೇಳುತ್ತದೆ. ಲಿಂಕಿಗೆ ಯುಟಿಎಂ ಎಂಬ ಬಾಲ ಹಚ್ಚಿ, ಅದರಲ್ಲಿ ಯಾವ ವೇದಿಕೆ, ಯಾವ ಕ್ಯಾಂಪೇನ್, ಯಾವ ಕ್ರಿಯೇಟರ್ ಎಂದು ಬರೆದಿರುತ್ತಾರೆ. ಬಾಲದಲ್ಲಿ ಒಮ್ಮೆ ದೊಡ್ಡಕ್ಷರ, ಒಮ್ಮೆ ಸಣ್ಣಕ್ಷರ ಬಳಸಿದರೆ ಗೂಗಲ್ ಅನಲಿಟಿಕ್ಸ್ ಎರಡನ್ನೂ ಬೇರೆ ಬೇರೆ ಎಣಿಸುತ್ತದೆ. ಇಷ್ಟು ಚಿಕ್ಕ ವಿಷಯಕ್ಕೆ ತಿಂಗಳ ವರದಿ ಕೆಟ್ಟುಹೋಗುವುದುಂಟು.

ಕೋಡ್ ಸೋರುತ್ತದೆ. ಯಾರೋ ಕೂಪನ್ ಸೈಟಿಗೆ ಹಾಕುತ್ತಾರೆ, ಬ್ರೌಸರಿನ ಎಕ್ಸ್‌ಟೆನ್ಷನ್ ತಾನಾಗಿ ತುಂಬುತ್ತದೆ. ಒಂದು ಕೋಡಿನಲ್ಲಿ ಇದ್ದಕ್ಕಿದ್ದಂತೆ ಆರ್ಡರ್ ಹತ್ತು ಪಟ್ಟಾದರೆ, ಅದೇ ದಿನ ಆ ರೀಲಿನ ವ್ಯೂಸ್ ಏರಿದೆಯೇ ನೋಡಿ. ಏರಿಲ್ಲದಿದ್ದರೆ ಸೋರಿದೆ ಎಂದು ತಿಳಿದು ಕೋಡ್ ಬದಲಿಸಿ.

ಈಗ ದುಡ್ಡಿನ ಲೆಕ್ಕ. 399ರ ಟ್ಯೂಬಿಗೆ ಶೇ 15 ಕೋಡ್ ಹಾಕಿದರೆ 339. ಜಿಎಸ್‌ಟಿ, ತಯಾರಿ, ಪ್ಯಾಕಿಂಗ್, ಕೊರಿಯರ್ ಕಳೆದು 130 ರೂಪಾಯಿ ಉಳಿಯಿತು ಎನ್ನೋಣ. ಜಾಹೀರಾತಿಗೆ ಆರ್ಡರ್ ಒಂದಕ್ಕೆ 250 ಹೋಗಿದ್ದರೆ ಮೊದಲ ಮಾರಾಟದಲ್ಲೇ 120 ನಷ್ಟ. ಕಂಪನಿಗೆ ಇದು ಗೊತ್ತು. ಅದು ನೆಚ್ಚಿಕೊಂಡಿರುವುದು ಎರಡನೇ, ಮೂರನೇ ಖರೀದಿಯನ್ನು. "799ಕ್ಕೆ ಕಾಂಬೊ, ಡೆಲಿವರಿ ಫ್ರೀ" ಎಂಬ ಒತ್ತಾಯ, ಆರ್ಡರ್ ಆದ ತಕ್ಷಣ ವಾಟ್ಸಾಪ್ ನಂಬರಿಗೆ ಬೀಳುವ ಸಂದೇಶಗಳು, ಎಲ್ಲವೂ ಆ 120 ರೂಪಾಯಿಯನ್ನು ಮರಳಿ ಪಡೆಯುವ ಯತ್ನ. ಆ ವಾಟ್ಸಾಪ್ ಸಂದೇಶಕ್ಕೆ ಕಂಪನಿ ಮೆಟಾಗೆ ದುಡ್ಡು ತೆರುತ್ತದೆ. ನೀವು ಬ್ಲಾಕ್ ಒತ್ತಿದರೆ ಆ ನಂಬರಿನ ಗುಣಮಟ್ಟದ ರೇಟಿಂಗ್ ಇಳಿಯುತ್ತದೆ. ಮನಸ್ಸಿನಲ್ಲೇ ಬೈದುಕೊಳ್ಳುವುದಕ್ಕಿಂತ ಅದು ಪರಿಣಾಮಕಾರಿ.

ಈ ಲೆಕ್ಕವನ್ನು ತಲೆಕೆಳಗು ಮಾಡುವುದು ಕ್ಯಾಶ್ ಆನ್ ಡೆಲಿವರಿ. ಹಾಸ್ಟೆಲ್, ಪಿಜಿಗಳಲ್ಲಿರುವವರು ಆರ್ಡರ್ ಹಾಕುತ್ತಾರೆ. ಕೊರಿಯರ್ ಬರುವ ಹೊತ್ತಿಗೆ ಕ್ಲಾಸಿನಲ್ಲಿರುತ್ತಾರೆ, ಕೈಯಲ್ಲಿ ದುಡ್ಡಿರುವುದಿಲ್ಲ, ಮನಸ್ಸು ಬದಲಾಗಿರುತ್ತದೆ. ಹೋಗಿ ಬರುವ ಎರಡೂ ದಾರಿಯ ಖರ್ಚು ಕಂಪನಿಯ ತಲೆಗೆ. ನೂರು ಆರ್ಡರ್ ತಂದು ಅರ್ಧ ವಾಪಸಾದ ಕ್ರಿಯೇಟರ್‌ಗಿಂತ ಅರವತ್ತು ತಂದು ಐವತ್ತೈದು ಡೆಲಿವರಿಯಾದವಳು ಮೇಲು. ಹಾಗಾಗಿ ಕೋಡಿನಿಂದ ಬಂದ ಮಾರಾಟಕ್ಕೆ ಕೊಡುವ ಕಮಿಷನ್ ಲೆಕ್ಕ ಆರ್ಡರ್ ದಿನಕ್ಕಲ್ಲ, ಡೆಲಿವರಿ ಮತ್ತು ರಿಟರ್ನ್ ಅವಧಿ ಮುಗಿದ ಮೇಲೆ ಮಾಡಬೇಕು. ಅದನ್ನು ಕ್ರಿಯೇಟರ್‌ಗೆ ಮೊದಲೇ ಹೇಳಿರಬೇಕು, ಇಲ್ಲವಾದರೆ ಜಗಳ. ಮುಂಗಡ ಪಾವತಿಗೆ 30–40 ರೂಪಾಯಿ ಇಳಿಸುವುದು, ಕ್ಯಾಶ್ ಆನ್ ಡೆಲಿವರಿ ಆರ್ಡರನ್ನು ವಾಟ್ಸಾಪಿನಲ್ಲಿ ಖಚಿತಪಡಿಸಿಕೊಂಡು ಕಳಿಸುವುದು, ಈ ಎರಡರಿಂದ ವಾಪಸಾತಿ ಇಳಿಯುತ್ತದೆ.

"ಕಮೆಂಟಲ್ಲಿ ಲಿಂಕ್ ಅಂತ ಹಾಕಿ, ಡಿಎಂ ಮಾಡ್ತೀನಿ" ಎನ್ನುವುದರ ಒಳಗುಟ್ಟು ಇಷ್ಟು. ಉತ್ತರಿಸುವುದು ಮನುಷ್ಯರಲ್ಲ, ಬಾಟ್ ಎಂಬ ತಾನಾಗಿ ಓಡುವ ಪ್ರೋಗ್ರಾಂ. ಕಮೆಂಟಿಗೆ ಒಂದೇ ಒಂದು ಖಾಸಗಿ ಸಂದೇಶ ಕಳಿಸಲು ಮೆಟಾ ಅವಕಾಶ ಕೊಡುತ್ತದೆ. ಆ ಸಂದೇಶಕ್ಕೆ ನೀವು ಉತ್ತರಿಸಿದರೆ 24 ಗಂಟೆ ಬಾಗಿಲು ತೆರೆಯುತ್ತದೆ, ಆ ಅವಧಿಯಲ್ಲಿ ಎಷ್ಟು ಸಂದೇಶವನ್ನಾದರೂ ಕಳಿಸಬಹುದು. ಮೊದಲ ಮೆಸೇಜಿನಲ್ಲಿ ಲಿಂಕ್ ಕೊಡದೆ "ಲಿಂಕ್ ಬೇಕು" ಎಂಬ ಬಟನ್ ಇಡುವುದು ಆ ಬಾಗಿಲಿಗಾಗಿ. ನಡುವೆ ಕಮೆಂಟ್ ಸಂಖ್ಯೆಯೂ ಉಬ್ಬುತ್ತದೆ.

ಲಿಂಕ್ ಒತ್ತಿ ಹೋದ ಪುಟದಲ್ಲಿ "ಇನ್ನು 9 ನಿಮಿಷ ಮಾತ್ರ" ಎಂಬ ಗಡಿಯಾರ ಓಡುತ್ತಿದ್ದರೆ ಪುಟವನ್ನು ಒಮ್ಮೆ ರಿಫ್ರೆಶ್ ಮಾಡಿ. ಮತ್ತೆ ಹತ್ತು ನಿಮಿಷದಿಂದ ಶುರುವಾದರೆ ಅದು ಸುಳ್ಳು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಪಟ್ಟಿ ಮಾಡಿದ 13 ಮೋಸದ ವಿನ್ಯಾಸಗಳಲ್ಲಿ ಸುಳ್ಳು ಅವಸರ ಒಂದು, ಕೇಳದೆ ಕಾರ್ಟ್‌ಗೆ ವಸ್ತು ತುರುಕುವುದು ಇನ್ನೊಂದು.

ಟ್ರೋಲ್ ಪೇಜು, ಕ್ಯಾಂಪಸ್, ಗಿವ್‌ಅವೇ

2021ರ ಐಪಿಎಲ್ ಹೊತ್ತಿಗೆ ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟುವ ಆ್ಯಪ್ ನಡೆಸುವ ಬೆಂಗಳೂರಿನ ಕ್ರೆಡ್ ಕಂಪನಿ ಶಾಂತಮೂರ್ತಿ ರಾಹುಲ್ ದ್ರಾವಿಡ್‌ರನ್ನು ಇಂದಿರಾನಗರದ ಗೂಂಡಾ ಮಾಡಿದ್ದು ನೆನಪಿರಬಹುದು. ಆ ಜಾಹೀರಾತನ್ನು ಹರಡಿದ್ದು ಟಿವಿಗಿಂತ ಹೆಚ್ಚಾಗಿ ಅದರ ಚಿತ್ರಗಳಿಂದ ಜನ ಮಾಡಿಕೊಂಡ ಮೀಮ್‌ಗಳು. ಅಂದಿನಿಂದ ಎಲ್ಲ ಕಂಪನಿಗೂ ಮೀಮ್ ಆಗುವ ಆಸೆ. ತಾನಾಗಿ ಆಗದಿದ್ದರೆ ಕೊಂಡು ಮಾಡಿಸುತ್ತಾರೆ. ಕನ್ನಡದ ಟ್ರೋಲ್ ಪೇಜ್‌ಗಳಲ್ಲಿ ಪೋಸ್ಟಿಗಿಷ್ಟು, ಸ್ಟೋರಿಗಿಷ್ಟು, 24 ಗಂಟೆ ಇಟ್ಟು ಅಳಿಸುವುದಕ್ಕೆ ಇಷ್ಟು ಎಂದು ದರವಿರುತ್ತದೆ. ಹತ್ತು ಪೇಜಿನಲ್ಲಿ ಅದೇ ಸಂಜೆ ಅದೇ ಆ್ಯಪಿನ ಜೋಕು ಬೇರೆ ಬೇರೆ ಟೆಂಪ್ಲೇಟಿನಲ್ಲಿ ಕಂಡರೆ ಅದು ಕಾಕತಾಳೀಯವಲ್ಲ. ಇದು ಜಾಹೀರಾತು ಎಂಬ ಲೇಬಲ್ ಇಲ್ಲದಿರುವುದು ಇಲ್ಲೇ ಹೆಚ್ಚು. ಪೇಜ್ ಅಡ್ಮಿನ್ ಯಾರೆಂದು ಗೊತ್ತಿಲ್ಲದ ಕಡೆ ಜವಾಬ್ದಾರಿ ಹೊರಿಸುವುದೂ ಕಷ್ಟ.

ಕ್ಯಾಂಪಸ್ ಅಂಬಾಸಡರ್ ಎಂಬುದು ಇನ್ನೂ ಅಗ್ಗದ ದಾರಿ. ಗೂಗಲ್ ಫಾರ್ಮ್ ತುಂಬಿದವರನ್ನೆಲ್ಲ ವಾಟ್ಸಾಪ್ ಗುಂಪಿಗೆ ಸೇರಿಸಿ, ವಾರಕ್ಕೊಂದು ಟಾಸ್ಕ್ ಕೊಡುತ್ತಾರೆ: ಸ್ಟೋರಿ ಹಾಕು, ಕ್ಲಾಸ್ ಗುಂಪಿಗೆ ಲಿಂಕ್ ಕಳಿಸು, ಹತ್ತು ಜನರಿಂದ ಆ್ಯಪ್ ಹಾಕಿಸು. ಪಾಯಿಂಟ್ ಪಟ್ಟಿಯಲ್ಲಿ ಮೇಲಿರುವ ಮೂವರಿಗೆ ಬಹುಮಾನ, ಉಳಿದವರಿಗೆ ಇಂಟರ್ನ್‌ಶಿಪ್ ಸರ್ಟಿಫಿಕೇಟ್. ನನ್ನ ಅಭಿಪ್ರಾಯ ಕೇಳಿದರೆ, ಸ್ಟೈಪೆಂಡ್ ಇಲ್ಲದ ಈ ಕೆಲಸದಿಂದ ರೆಸ್ಯೂಮೆಗೆ ಏನೂ ಸೇರುವುದಿಲ್ಲ. ನೀವು ಅಂಬಾಸಡರ್ ಆಗುವುದೇ ಆದರೆ ಆರ್ಡರ್‌ಗೆ ಇಷ್ಟು ಎಂದು ಬರಹದಲ್ಲಿ ಕೇಳಿ.

"ಫಾಲೋ ಮಾಡಿ, ಮೂವರನ್ನು ಟ್ಯಾಗ್ ಮಾಡಿ" ಎಂಬ ಗಿವ್‌ಅವೇಯಿಂದ ಬರುವವರು ಬಹುಮಾನಕ್ಕೆ ಬಂದವರು, ಫಲಿತಾಂಶದ ಮರುದಿನ ಹೋಗುತ್ತಾರೆ. ಅದಕ್ಕಿಂತ ಕೆಟ್ಟದ್ದು, ಪೇಜಿನ ಹೆಸರಲ್ಲಿ ಒಂದಕ್ಷರ ಬದಲಿಸಿದ ನಕಲಿ ಅಕೌಂಟ್ ಕಮೆಂಟ್ ಹಾಕಿದವರಿಗೆಲ್ಲ "ನೀವೇ ಗೆದ್ದಿರಿ, ಕೊರಿಯರ್ ಚಾರ್ಜ್ ಕಳಿಸಿ" ಎಂದು ಬರೆಯುತ್ತದೆ. ಗಿವ್‌ಅವೇ ಇಡುವವರು "ನಾವು ಹಣ ಕೇಳುವುದಿಲ್ಲ" ಎಂಬ ಕಮೆಂಟನ್ನು ಮೊದಲ ದಿನವೇ ಪಿನ್ ಮಾಡಬೇಕು.

ಹದಿನೆಂಟರ ಕೆಳಗಿನವರು

ಇನ್‌ಸ್ಟಾಗ್ರಾಂ ಸೇರಲು 13 ತುಂಬಿರಬೇಕು. 18ರ ಕೆಳಗಿನವರಿಗೆ ಆಸಕ್ತಿ ನೋಡಿ ಜಾಹೀರಾತು ತೋರಿಸುವುದನ್ನು ಮೆಟಾ 2021ರಲ್ಲೇ ನಿಲ್ಲಿಸಿತು; 2023ರಿಂದ ಜಾಹೀರಾತುದಾರರಿಗೆ ಸಿಗುವುದು ಅವರ ವಯಸ್ಸು ಮತ್ತು ಊರು ಮಾತ್ರ. ಕೇಳಲು ಚೆನ್ನಾಗಿದೆ. ಆದರೆ ಎರಡು ತೂತುಗಳಿವೆ. ಹುಟ್ಟಿದ ವರ್ಷ ಹಿಂದಕ್ಕೆ ಹಾಕಿ ಅಕೌಂಟ್ ತೆರೆದ ಹೈಸ್ಕೂಲ್ ಹುಡುಗ ಯಂತ್ರದ ಕಣ್ಣಿಗೆ ದೊಡ್ಡವನು. ಮತ್ತು ಈ ನಿರ್ಬಂಧವೆಲ್ಲ ದುಡ್ಡು ಕೊಟ್ಟು ಓಡಿಸುವ ಜಾಹೀರಾತಿಗೆ. ಕ್ರಿಯೇಟರ್ ತನ್ನ ಪೇಜಿನಲ್ಲಿ ಹಾಕಿದ ರೀಲ್‌ಗೆ ಅದು ತಾಗುವುದಿಲ್ಲ. ಗೇಮಿಂಗ್ ಪೇಜು, ಶಾಲೆಯ ಕಾಮಿಡಿ ಮಾಡುವ ಪೇಜು, ಇವುಗಳ ನೋಡುಗರು ಯಾರೆಂದು ಕೊಳ್ಳುವ ಕಂಪನಿಗೂ ಗೊತ್ತು, ಮಾರುವ ಪೇಜಿಗೂ ಗೊತ್ತು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18ರ ಕೆಳಗಿನವರೆಲ್ಲರನ್ನೂ ಮಕ್ಕಳೆಂದು ಕರೆದು, ಅವರ ವರ್ತನೆಯ ಜಾಡು ಹಿಡಿಯುವುದನ್ನೂ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನೂ ನಿಷೇಧಿಸುತ್ತದೆ. ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೆ. ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು, ಮುಖ್ಯ ಕಟ್ಟಳೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶವಿದೆ. ಪಿಯು ಫಲಿತಾಂಶ, ಸಿಇಟಿ ಹೊತ್ತಿಗೆ ಕೋಚಿಂಗ್ ಮತ್ತು ಕಾಲೇಜುಗಳು ಓಡಿಸುವ ಲೀಡ್ ಫಾರ್ಮ್‌ಗಳಿಗೆ ಇದು ನೇರವಾಗಿ ಬಡಿಯುತ್ತದೆ. ಆ ಫಾರ್ಮ್‌ಗಳಲ್ಲಿ ಹೆಸರು, ಫೋನ್ ನಂಬರ್ ಅಕೌಂಟಿನಿಂದಲೇ ತುಂಬಿಕೊಂಡು ಬರುತ್ತದೆ, ಒಂದು ಒತ್ತಿದರೆ ಮುಗಿಯಿತು, ಆಮೇಲೆ ಮೂರು ತಿಂಗಳು ಕರೆ. ಒತ್ತುವ ಮುಂಚೆ ನಂಬರನ್ನು ಅಳಿಸಬಹುದು ಎನ್ನುವುದು ಬಹಳ ಮಕ್ಕಳಿಗೆ ಗೊತ್ತಿಲ್ಲ.

ಲೇಬಲ್ ಮತ್ತು ದೂರು

ಆಸ್ಕಿ ನಿಯಮ 2021ರ ಜೂನ್ 14ರಿಂದ ಜಾರಿಯಲ್ಲಿದೆ. 15 ಸೆಕೆಂಡಿನೊಳಗಿನ ವಿಡಿಯೊದಲ್ಲಿ ಲೇಬಲ್ ಕನಿಷ್ಠ 3 ಸೆಕೆಂಡ್ ಇರಬೇಕು. ಅದಕ್ಕಿಂತ ಉದ್ದವಾಗಿದ್ದು 2 ನಿಮಿಷದೊಳಗಿದ್ದರೆ ಮೂರನೇ ಒಂದು ಭಾಗ, ಎರಡು ನಿಮಿಷ ದಾಟಿದರೆ ಬ್ರ್ಯಾಂಡಿನ ಮಾತು ಬರುವಷ್ಟು ಹೊತ್ತೂ ಇರಬೇಕು. ಉಚಿತವಾಗಿ ಬಂದ ವಸ್ತುವಿಗೂ ಲೇಬಲ್ ಬೇಕು. ಹ್ಯಾಷ್‌ಟ್ಯಾಗ್ ರಾಶಿಯಲ್ಲಿ ಹೂತಿಡುವಂತಿಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಕೊಟ್ಟ ಸೂಚನೆಯಂತೆ, ಪ್ರಚಾರ ಯಾವ ಭಾಷೆಯಲ್ಲಿದೆಯೋ ಘೋಷಣೆಯೂ ಆ ಭಾಷೆಯಲ್ಲೇ ಇರಬೇಕು. ಕನ್ನಡ ರೀಲ್‌ಗಳಲ್ಲಿ ಇದನ್ನು ಪಾಲಿಸುವವರು ಬಲು ಅಪರೂಪ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಮೊದಲ ಸಲ 10 ಲಕ್ಷದವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡವಿದೆ. ಪ್ರಚಾರ ಮಾಡಿದವರನ್ನು ಒಂದು ವರ್ಷ, ಆಮೇಲೆ ಮೂರು ವರ್ಷದವರೆಗೆ ಪ್ರಚಾರದಿಂದ ದೂರ ಇಡಬಹುದು.

ಎರಡು ಸರಕುಗಳ ವಿಷಯ ಬೇರೆಯೇ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಮಾಡಿದ ಕಾಯ್ದೆಯಲ್ಲಿ ಅವುಗಳ ಜಾಹೀರಾತಿಗೂ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡವಿದೆ. ಸ್ಟೋರಿಯಲ್ಲಿ ಬೆಟ್ಟಿಂಗ್ ಲಿಂಕ್ ಹಾಕುವ ಪೇಜ್ ಅಡ್ಮಿನ್‌ಗಳು ಇದನ್ನು ಓದಿಕೊಂಡರೆ ಒಳ್ಳೆಯದು. ಷೇರಿನ ಪಾಠ ಹೇಳುವವರು ಮೂರು ತಿಂಗಳೊಳಗಿನ ಬೆಲೆಯನ್ನು ಉದಾಹರಣೆಯಾಗಿ ಬಳಸುವುದಕ್ಕೆ ಷೇರುಪೇಟೆಯ ನಿಯಂತ್ರಕ ಸೆಬಿ 2025ರ ಜನವರಿಯಲ್ಲಿ ಕಡಿವಾಣ ಹಾಕಿತು.

ಒಂದು ಬ್ರ್ಯಾಂಡ್ ಈಗ ಏನೇನು ಓಡಿಸುತ್ತಿದೆ ಎಂದು ನೋಡಬೇಕಾದರೆ ಮೆಟಾ ಆಡ್ ಲೈಬ್ರರಿ ತೆರೆದು, ದೇಶ ಭಾರತ ಎಂದು ಆರಿಸಿ ಹೆಸರು ಹಾಕಿ. ಚಾಲ್ತಿಯಲ್ಲಿರುವ ಜಾಹೀರಾತುಗಳು ಶುರುವಾದ ದಿನಾಂಕದೊಂದಿಗೆ ಸಿಗುತ್ತವೆ. ಮೂರು ತಿಂಗಳಿಂದ ಓಡುತ್ತಿರುವುದು ದುಡ್ಡು ತರುತ್ತಿದೆ ಎಂದರ್ಥ. ಪ್ರತಿಸ್ಪರ್ಧಿಗಳು ನಕಲು ಮಾಡುವುದೂ ಅದನ್ನೇ. ಹೊರಗಿನ ಸೈಟುಗಳು ನಿಮ್ಮ ಬಗ್ಗೆ ಕಳಿಸಿದ ಮಾಹಿತಿಯನ್ನು ಇನ್‌ಸ್ಟಾಗ್ರಾಂ ಸೆಟ್ಟಿಂಗ್ಸ್‌ನ ಅಕೌಂಟ್ಸ್ ಸೆಂಟರ್‌ನಲ್ಲಿ ನೋಡಿ ಅಳಿಸಬಹುದು, ಮುಂದೆ ಕೂಡಿಸದಂತೆಯೂ ಮಾಡಬಹುದು. ಜಾಹೀರಾತು ನಿಲ್ಲುವುದಿಲ್ಲ, ಬಿಟ್ಟುಬಂದ ಕಾರ್ಟು ಹಿಂಬಾಲಿಸುವುದು ಕಮ್ಮಿಯಾಗುತ್ತದೆ.

ಲೇಬಲ್ ಇಲ್ಲದ ಅಥವಾ ಸುಳ್ಳು ಹೇಳುವ ಜಾಹೀರಾತಿನ ಮೇಲೆ ಆಸ್ಕಿಗೆ 77100 12345 ನಂಬರಿನ ವಾಟ್ಸಾಪಿನಲ್ಲಿ ದೂರಬಹುದು. ದುಡ್ಡು ಕೊಟ್ಟು ಮೋಸ ಹೋಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ದೂರಿಗೆ ಪೋಸ್ಟಿನ ಲಿಂಕ್, ಅಕೌಂಟಿನ ಹೆಸರು, ದಿನಾಂಕ, ಯಾವ ಮಾತು ಸುಳ್ಳು ಎಂಬ ಒಂದು ಸಾಲು ಬೇಕು. ಸ್ಟೋರಿಯಾದರೆ 24 ಗಂಟೆಯಲ್ಲಿ ಮಾಯವಾಗುವುದರಿಂದ ಮೊದಲು ಸ್ಕ್ರೀನ್ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಅಕೌಂಟಿನ ಹೆಸರು ಕಾಣುವಂತೆ, ಧ್ವನಿ ಸಮೇತ.